ಹಳ್ಳಿಗೆ ಕೇಬಲ್ ಬಂತು, ಸೇವೆ ಯಾರ ಹೊಣೆ?

ಪ್ರಶ್ನೆ: ನಾನು ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ, ಆಂಧ್ರದ ಗಡಿಗೆ ಹತ್ತಿರವಿರುವ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮ ಪಂಚಾಯಿತಿ ಕಚೇರಿಗೆ ಆಪ್ಟಿಕಲ್ ಫೈಬರ್ ಕೇಬಲ್ ಬಂದು ವರ್ಷಗಳಾದವು. ಆದರೆ ತಿಂಗಳಲ್ಲಿ ಅರ್ಧದಷ್ಟು ದಿನಗಳು ನೆಟ್ ಇರುವುದಿಲ್ಲ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಹೋಗುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ಜನ ಎರಡೆರಡು ಸಲ ಬರಬೇಕಾಗಿದೆ. ಈಚೆಗೆ ಒಂದು ತರಬೇತಿಯಲ್ಲಿ ಉಪನ್ಯಾಸಕರು, ಬ್ರಾಡ್‌ಬ್ಯಾಂಡ್ ಶೇ 10ರಷ್ಟು ಹೆಚ್ಚಿದರೆ ದೇಶದ ಆದಾಯವೂ ಇಂತಿಷ್ಟು ಹೆಚ್ಚುತ್ತದೆ ಎಂದರು. ದೂರಸಂಪರ್ಕ ನೀತಿಯಿಂದ ನಮ್ಮಂಥ ಹಳ್ಳಿಗಳಿಗೆ ನಿಜವಾಗಿಯೂ ಅಭಿವೃದ್ಧಿ ಆಗುತ್ತದೆಯೇ, ಇಲ್ಲವೇ ಅದು ಕಂಪನಿಗಳ ವ್ಯವಹಾರ ಮಾತ್ರವೇ? ಪಂಚಾಯಿತಿಯವರು ನಾವೇನು ಮಾಡಬಹುದು?

ಉತ್ತರ: ಮಾನ್ಯರೇ, ತರಬೇತಿಯಲ್ಲಿ ನೀವು ಕೇಳಿದ ಅಂಕಿಯನ್ನು ಮೊದಲು ಬದಿಗಿಡೋಣ. ಅದರ ಮೂಲ 2009ರಲ್ಲಿ ವಿಶ್ವಬ್ಯಾಂಕ್ ಪ್ರಕಟಿಸಿದ ಒಂದು ವಿಶ್ಲೇಷಣೆ. ಅಭಿವೃದ್ಧಿಶೀಲ ದೇಶಗಳಲ್ಲಿ ನೂರು ಜನರಿಗೆ ಹತ್ತರಂತೆ ಬ್ರಾಡ್‌ಬ್ಯಾಂಡ್ ಸಂಪರ್ಕ ಹೆಚ್ಚಿದರೆ ಆರ್ಥಿಕ ಬೆಳವಣಿಗೆಯ ದರ 1.38 ಶೇಕಡಾಂಶದಷ್ಟು ಏರುತ್ತದೆ ಎಂದು ಅದು ಅಂದಾಜು ಮಾಡಿತ್ತು. ಹಲವು ದೇಶಗಳ ಸರಾಸರಿಗಳನ್ನು ಒಟ್ಟಿಗೆ ಇಟ್ಟು ತೆಗೆದ ಲೆಕ್ಕ ಅದು. ಹಣವಿರುವ, ಕರೆಂಟಿರುವ, ಓದುಬರಹ ಬಲ್ಲವರು ಹೆಚ್ಚಿರುವ ಕಡೆಗೇ ಬ್ರಾಡ್‌ಬ್ಯಾಂಡ್ ಮೊದಲು ಹೋಗುವುದರಿಂದ, ಯಾವುದು ಕಾರಣ ಯಾವುದು ಪರಿಣಾಮ ಎಂಬುದನ್ನು ಇಂಥ ಲೆಕ್ಕದಲ್ಲಿ ಬಿಡಿಸಿ ಹೇಳುವುದು ಕಷ್ಟ. ಪಾವಗಡದ ಒಂದು ಪಂಚಾಯಿತಿಗಂತೂ ಅದು ಅನ್ವಯಿಸುವುದೇ ಇಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ದೂರಸಂಪರ್ಕ ನೀತಿಯಿಂದ ಹಳ್ಳಿಗಳಿಗೆ ಲಾಭವಾಗಿದೆ, ಆದರೆ ನೀತಿಯು ಏನನ್ನು ಎಣಿಸಿತೋ ಅದು ಮಾತ್ರ ಹಳ್ಳಿಗೆ ಬಂದಿದೆ. ನಮ್ಮ ನೀತಿಗಳು ಸಂಪರ್ಕಗಳನ್ನು ಎಣಿಸಿದವು. ಆ ಸಂಪರ್ಕ ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡಿತು, ಕೆಟ್ಟಾಗ ಯಾರು ಬಂದು ಸರಿಮಾಡಿದರು ಎಂಬುದನ್ನು ಬಹಳ ಕಾಲ ಎಣಿಸಲಿಲ್ಲ. ಇದರ ನಡುವೆಯೇ ಸರ್ಕಾರವು ಪಡಿತರ, ಕೂಲಿ, ಪಿಂಚಣಿ, ಪಹಣಿ ಎಲ್ಲವನ್ನೂ ಅದೇ ಸಂಪರ್ಕದ ಮೇಲೆ ತಂದು ಕೂರಿಸಿತು. ನಿಮ್ಮ ಊರಿನ ತೊಂದರೆ ಹುಟ್ಟಿರುವುದು ಇವೆರಡರ ನಡುವಿನ ಕಂದಕದಲ್ಲಿ.

ಇದು ಹೀಗೇ ಆಗಬೇಕೆಂದೇನೂ ಇರಲಿಲ್ಲ. ಹಳ್ಳಿಯನ್ನು ಕಣ್ಣೆದುರು ಇಟ್ಟುಕೊಂಡು ಮಾಡಿದ ನೀತಿ ಹೇಗಿರುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಮುಖ್ಯ ಶಕ್ತಿ. ಆಗ ವಿದೇಶಗಳಿಂದ ಬರುತ್ತಿದ್ದ ದೂರವಾಣಿ ವಿನಿಮಯ ಕೇಂದ್ರಗಳೆಲ್ಲ ದೊಡ್ಡ ನಗರಗಳಿಗೆಂದು ಮಾಡಿದವು. ಅವಕ್ಕೆ ಹವಾನಿಯಂತ್ರಿತ ಕೋಣೆ ಬೇಕು, ಅಡಚಣೆಯಿಲ್ಲದ ವಿದ್ಯುತ್ ಬೇಕು. ಸಿ-ಡಾಟ್‌ನ ಎಂಜಿನಿಯರುಗಳು ಧೂಳು, ಸೆಕೆ, ಏರಿಳಿಯುವ ವೋಲ್ಟೇಜ್ ಎಲ್ಲವನ್ನೂ ತಡೆದುಕೊಂಡು, ಹವಾನಿಯಂತ್ರಣವಿಲ್ಲದ ಸಣ್ಣ ಕೋಣೆಯಲ್ಲಿ ಕೆಲಸ ಮಾಡುವ 128 ಪೋರ್ಟುಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ರೂಪಿಸಿದರು. ಅಂಥ ಮೊದಲ ಕೇಂದ್ರ 1986ರಲ್ಲಿ ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ಆನಂತರ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಊರೂರಿಗೂ ಬಂದವು. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಕಾಯುತ್ತಿದ್ದ ಜನರಿಗೆ ಅದೆಷ್ಟು ದೊಡ್ಡ ಬದಲಾವಣೆ ಎಂಬುದನ್ನು ಇಂದಿನ ಮಕ್ಕಳಿಗೆ ವಿವರಿಸುವುದು ಕಷ್ಟ. ಆ ಬೂತುಗಳು ಒಂದು ಜೀವನೋಪಾಯವೂ ಆಗಿದ್ದವು. ಹಂಚಿಕೆಯಲ್ಲಿ ಅಂಗವಿಕಲರಿಗೆ ಆದ್ಯತೆಯಿತ್ತು. ಬೂತಿನವನಿಗೆ ಕಮಿಷನ್ ಬರುತ್ತಿದ್ದದ್ದು ಕರೆಗಳು ಹೋದರೆ ಮಾತ್ರ, ಆದ್ದರಿಂದ ಲೈನ್ ಕೆಟ್ಟ ದಿನವೇ ಅವನು ವಿನಿಮಯ ಕೇಂದ್ರದ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದ. ಈ ಸಣ್ಣ ವಿವರವನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಪಂಚಾಯಿತಿಯ ಫೈಬರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನಂತರದ ನೀತಿಗಳ ಕಥೆ ಬೇರೆ. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯು ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು, ಜೊತೆಗೆ 1997ರೊಳಗೆ ಎಲ್ಲ ಹಳ್ಳಿಗಳಿಗೂ ದೂರವಾಣಿ ಎಂದು ಬರೆದುಕೊಂಡಿತು. ಕಂಪನಿಗಳು ಭಾರಿ ಮೊತ್ತ ಕೂಗಿ ಪರವಾನಗಿ ಪಡೆದವು. ಶುಲ್ಕ ಕಟ್ಟಲಾಗದೆ ಒದ್ದಾಡಿದವು. ಹಳ್ಳಿ ಫೋನುಗಳ ಷರತ್ತನ್ನು ಬಹುಮಟ್ಟಿಗೆ ಪಾಲಿಸಲಿಲ್ಲ. 1999ರ ಹೊಸ ದೂರಸಂಪರ್ಕ ನೀತಿಯು ನಿಗದಿತ ಶುಲ್ಕದ ಬದಲು ಆದಾಯದಲ್ಲಿ ಪಾಲು ಎಂಬ ಪದ್ಧತಿ ತಂದು ಉದ್ಯಮವನ್ನು ಉಳಿಸಿತು. ಅದೇ ನೀತಿಯ ಆಶಯದಂತೆ 2002ರ ಏಪ್ರಿಲ್ 1ರಿಂದ ಸಾರ್ವತ್ರಿಕ ಸೇವಾ ನಿಧಿ ಜಾರಿಗೆ ಬಂತು: ಕಂಪನಿಗಳ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ 5ರಷ್ಟು ಲಾಭವಿಲ್ಲದ ಕಡೆಗಳಲ್ಲಿ ಸೇವೆ ಕೊಡಲು ಮೀಸಲು. 2023ರ ದೂರಸಂಪರ್ಕ ಕಾಯ್ದೆಯು 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಬಂದಾಗ ಈ ನಿಧಿಗೆ ಡಿಜಿಟಲ್ ಭಾರತ್ ನಿಧಿ ಎಂಬ ಹೊಸ ಹೆಸರು ಬಂತು. ನಿಮ್ಮ ಊರಿನ ಕೂಲಿಯಾಳು ಕರೆನ್ಸಿ ಹಾಕಿಸಿದಾಗ ಕಂಪನಿಗೆ ಸೇರುವ ಹಣದಲ್ಲಿಯೂ ಈ ನಿಧಿಗೆ ಪಾಲು ಹೋಗುತ್ತದೆ. ಹಾಗಾಗಿ ಹಳ್ಳಿಗೆ ಬರುವ ಸಂಪರ್ಕವನ್ನು ಯಾರೋ ಮಾಡುವ ಉಪಕಾರವೆಂದು ಭಾವಿಸಬೇಕಾಗಿಲ್ಲ. ಸಂಗ್ರಹವಾದ ಹಣದ ದೊಡ್ಡ ಭಾಗ ವರ್ಷಗಟ್ಟಲೆ ಖರ್ಚಾಗದೆ ಉಳಿದಿತ್ತೆಂಬುದು ಮಾತ್ರ ನಾಚಿಕೆಯ ಸಂಗತಿ.

ಆದರೆ ಬಡವರಿಗೆ ಅತಿ ಹೆಚ್ಚು ಉಪಯೋಗವಾದ ನಿರ್ಧಾರ ಯಾವುದೆಂದು ಕೇಳಿದರೆ ನಾನು ಈ ನಿಧಿಯನ್ನು ಹೇಳುವುದಿಲ್ಲ. 2003ರ ಮೇ ತಿಂಗಳಿಂದ ಜಾರಿಗೆ ಬಂದ, ಕರೆ ಮಾಡಿದವರೇ ಹಣ ಕೊಡುವ ಪದ್ಧತಿಯನ್ನು ಹೇಳುತ್ತೇನೆ. ಅಲ್ಲಿಯವರೆಗೆ ಮೊಬೈಲಿಗೆ ಬರುವ ಕರೆಗೂ ಹಣ ಕೊಡಬೇಕಿತ್ತು. ಒಳಬರುವ ಕರೆ ಉಚಿತವಾದೊಡನೆ ಗಾರೆ ಕೆಲಸದವರು, ಹೂ ಮಾರುವವರು, ಕುರಿ ಕಾಯುವವರು ಸಹ ಫೋನು ಇಟ್ಟುಕೊಳ್ಳುವಂತಾಯಿತು. ಮಿಸ್ಡ್ ಕಾಲ್ ಎಂಬ ಖರ್ಚಿಲ್ಲದ ಭಾಷೆಯೊಂದು ದೇಶದಾದ್ಯಂತ ಹುಟ್ಟಿಕೊಂಡಿತು. ಒಂದು ಅಡಿ ಕೇಬಲ್ ಹೂಳದೆ, ಒಂದು ರೂಪಾಯಿ ಸಹಾಯಧನ ಕೊಡದೆ, ಬರೀ ದರದ ನಿಯಮದಿಂದ ಆದ ಕೆಲಸ ಇದು. ಅದೇ ಸೌಲಭ್ಯ 2018ರ ಕೊನೆಯಿಂದೀಚೆಗೆ ಕರಗಿದೆ. ಈಗ ರೀಚಾರ್ಜ್ ಅವಧಿ ಮುಗಿದರೆ ಕೆಲ ದಿನಗಳಲ್ಲಿ ಒಳಬರುವ ಕರೆಯೂ ನಿಲ್ಲುತ್ತದೆ. ಡೇಟಾ ಬೇಡದ ಅಜ್ಜಿಯೂ ಡೇಟಾ ಸೇರಿದ ಪ್ಯಾಕನ್ನೇ ಕೊಳ್ಳಬೇಕಾಗಿ ಬಂದಿತ್ತು. ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, 2024ರ ಡಿಸೆಂಬರ್‌ನಲ್ಲಿ ನಿಯಮಕ್ಕೆ ತಿದ್ದುಪಡಿ ತಂದು, ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಸೀಮಿತವಾದ ಪ್ಯಾಕ್ ಒಂದನ್ನಾದರೂ ಪ್ರತಿ ಕಂಪನಿ ಕೊಡಲೇಬೇಕೆಂದು ಹೇಳಿತು. ದರ ಎಷ್ಟಿರಬೇಕೆಂದು ಮಾತ್ರ ಹೇಳಲಿಲ್ಲ. ಬಟನ್ ಫೋನಿನವರು ನಿಮ್ಮ ಊರಿನಲ್ಲಿ ಇನ್ನೂ ಇರುತ್ತಾರೆ. ಅಂಗಡಿಯವರು ಈ ಪ್ಯಾಕನ್ನು ತಾವಾಗಿ ಹೇಳುವುದು ಅಪರೂಪ, ಕೇಳಿ ಹಾಕಿಸಿಕೊಳ್ಳಬೇಕು.

ಇನ್ನು ಅಭಿವೃದ್ಧಿಯ ಮಾತು. ಫೋನಿನಿಂದ ರೈತನ ಆದಾಯ ಹೆಚ್ಚುತ್ತದೆಯೇ? ಇದಕ್ಕೆ ಒಳ್ಳೆಯ ಅಧ್ಯಯನಗಳಿವೆ, ಮತ್ತು ಅವು ಒಂದೇ ಮಾತು ಹೇಳುವುದಿಲ್ಲ. ಕೇರಳದ ಕರಾವಳಿಯಲ್ಲಿ 1997ರಿಂದ 2001ರವರೆಗೆ ಮೊಬೈಲ್ ಹಂತಹಂತವಾಗಿ ಬಂದಾಗ ಬೂತಾಯಿ ಮೀನಿನ ಮಾರುಕಟ್ಟೆಯಲ್ಲಿ ಏನಾಯಿತೆಂದು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಅಳೆದು 2007ರಲ್ಲಿ ಪ್ರಕಟಿಸಿದರು. ದೋಣಿಯಿಂದಲೇ ಬೇರೆ ಬೇರೆ ದಂಡೆಗಳ ದರ ಕೇಳಿ ದಡ ಸೇರತೊಡಗಿದ ಮೀನುಗಾರರ ಲಾಭ ಶೇ 8ರಷ್ಟು ಹೆಚ್ಚಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು, ಮಾರಾಟವಾಗದೆ ಚೆಲ್ಲುವ ಮೀನು ಇಲ್ಲವಾಯಿತು. ಮಹಾರಾಷ್ಟ್ರದಲ್ಲಿ ಬೇರೆಯೇ ಫಲಿತಾಂಶ ಬಂತು. ಅಲ್ಲಿ ರೈತರ ಮೊಬೈಲಿಗೆ ಪೇಟೆ ಧಾರಣೆ ಮತ್ತು ಹವಾಮಾನದ ಎಸ್‌ಎಂಎಸ್ ಕಳುಹಿಸುವ ಸೇವೆಯನ್ನು ಫ್ಯಾಫ್‌ಷಾಂ ಮತ್ತು ಮಿಂಟನ್ ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದರು: ರೈತನಿಗೆ ಸಿಕ್ಕ ಬೆಲೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಈ ಎರಡರ ನಡುವಿನ ಅಂತರಕ್ಕೆ ಕಾರಣ ಏನು? ದೋಣಿಯವನು ಯಾವ ದಂಡೆಗೆ ಬೇಕಾದರೂ ತಿರುಗಬಲ್ಲ. ನಮ್ಮ ರೈತ ತಿರುಗಲಾರ: ಅವನಿಗೆ ಮಂಡಿಯವರ ಬಳಿ ಸಾಲವಿರುತ್ತದೆ, ಲಾರಿ ಬಾಡಿಗೆಯಿರುತ್ತದೆ, ಹತ್ತಿರದ ಪೇಟೆ ಒಂದೇ ಇರುತ್ತದೆ. ಧಾರಣೆ ತಿಳಿದರೆ ಸಾಲದು, ತಿಳಿದ ಧಾರಣೆಯಲ್ಲಿ ಮಾರುವ ದಾರಿಯೂ ಇರಬೇಕು. ಇದಕ್ಕೆ ಕರ್ನಾಟಕದ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಸಾಕ್ಷಿ. 2014ರಿಂದ ರಾಜ್ಯದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ಜೋಡಿಸಲಾಯಿತು. ನಮ್ಮ ಜಿಲ್ಲೆಯ ತಿಪಟೂರಿನಲ್ಲಿ ಉಂಡೆ ಕೊಬ್ಬರಿಯ ಇ-ಟೆಂಡರನ್ನು ನೋಡಿದವರಿಗೆ ಇದರ ಬಗೆ ತಿಳಿದೇ ಇರುತ್ತದೆ: ಮೂಟೆ ಬಂದೊಡನೆ ಲಾಟ್ ಸಂಖ್ಯೆ ಬೀಳುತ್ತದೆ, ವರ್ತಕರು ಚೀಲಕ್ಕೆ ಕೈಹಾಕಿ ಕೊಬ್ಬರಿ ನೋಡಿ ಹೋಗುತ್ತಾರೆ, ದರವನ್ನು ಮಾತ್ರ ಪರಸ್ಪರ ಕಾಣದಂತೆ ಕಂಪ್ಯೂಟರಿನಲ್ಲಿ ನಮೂದಿಸುತ್ತಾರೆ, ನಿಗದಿತ ಸಮಯಕ್ಕೆ ಟೆಂಡರ್ ತೆರೆದಾಗ ಯಾವ ಲಾಟಿಗೆ ಎಷ್ಟು ಎಂಬುದು ಎಲ್ಲರಿಗೂ ಒಮ್ಮೆಲೇ ತಿಳಿಯುತ್ತದೆ. ಕರವಸ್ತ್ರದ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಸಣ್ಣ ಬದಲಾವಣೆಯಲ್ಲ. ಈ ವ್ಯವಸ್ಥೆಯ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಭತ್ತದ ಬೆಲೆ ಸುಮಾರು ಶೇ 5.1, ಕಡಲೆಕಾಯಿಯದು ಶೇ 3.6, ಮೆಕ್ಕೆಜೋಳದ್ದು ಶೇ 3.5ರಷ್ಟು ಏರಿತೆಂದು ಕಂಡುಕೊಂಡಿತು. ಕಡಲೆಕಾಯಿ ನಿಮ್ಮ ತಾಲ್ಲೂಕಿನ ಬೆಳೆಯಾದ್ದರಿಂದ ಆ ಅಂಕಿಯನ್ನು ಬೇಕೆಂದೇ ಹೇಳುತ್ತಿದ್ದೇನೆ. ಶೇ 3.6 ಎಂದರೆ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ತರಬೇತಿಯಲ್ಲಿ ಕೇಳಿದ ಅಂಕಿಗಿಂತ ಇದು ನೂರು ಪಾಲು ಹೆಚ್ಚು ನಂಬಿಕೆಗೆ ಅರ್ಹ. ಮತ್ತು ಇಲ್ಲಿ ಗಮನಿಸಬೇಕಾದದ್ದು, ಬೆಲೆ ಏರಿದ್ದು ನೆಟ್ ಬಂದದ್ದರಿಂದಲ್ಲ. ನೆಟ್ ಜೊತೆಗೆ ಟೆಂಡರಿನ ನಿಯಮ, ತೂಕದ ನಿಯಮ, ಹೊರಗಿನ ವರ್ತಕರೂ ದರ ನಮೂದಿಸಬಹುದೆಂಬ ನಿಯಮ ಒಟ್ಟಿಗೆ ಬಂದದ್ದರಿಂದ.

ಈಗ ನಿಮ್ಮ ಪಂಚಾಯಿತಿ ಕಚೇರಿಗೆ ಬರೋಣ. 2011ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಯೇ 2015ರ ಹೊತ್ತಿಗೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಗುರಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳು. ಅದರ ಮೊದಲ ಹಂತದ ವಿನ್ಯಾಸ ಹೀಗಿತ್ತು: ತಾಲ್ಲೂಕು ಕೇಂದ್ರದವರೆಗೆ ಈಗಾಗಲೇ ಇದ್ದ ಕೇಬಲನ್ನು ಬಳಸಿಕೊಂಡು, ಅಲ್ಲಿಂದ ಪಂಚಾಯಿತಿಗೆ ಒಂಟಿ ಎಳೆಯಾಗಿ ಹೊಸ ಕೇಬಲ್ ಹಾಕುವುದು. ಒಂಟಿ ಎಳೆ ಎಂದರೆ ದಾರಿಯಲ್ಲಿ ಒಂದು ಕಡೆ ತುಂಡಾದರೂ ಅದರಾಚೆಯ ಪಂಚಾಯಿತಿಗಳೆಲ್ಲ ಕತ್ತಲಿಗೆ ಹೋಗುತ್ತವೆ. ರಸ್ತೆ ಅಗಲಿಸುವಾಗ, ಮನೆಮನೆಗೆ ನಲ್ಲಿ ನೀರಿನ ಕೊಳವೆ ಹೂಳುವಾಗ ಜೆಸಿಬಿಯ ಹಲ್ಲು ಮೊದಲು ತಾಗುವುದು ಈ ಕೇಬಲಿಗೇ. ಪ್ರಗತಿ ಪರಿಶೀಲನೆಯ ಪಟ್ಟಿಯಲ್ಲಿ ಇದ್ದ ಅಂಕಣ ಕೇಬಲ್ ಎಷ್ಟು ಕಿಲೋಮೀಟರು ಬಿತ್ತು, ಎಷ್ಟು ಪಂಚಾಯಿತಿ ಸೇವೆಗೆ ಸಿದ್ಧವಾಯಿತು ಎಂಬುದು. ಸೇವೆಗೆ ಸಿದ್ಧ ಎಂದು ಒಮ್ಮೆ ಬರೆದಾದ ಮೇಲೆ ಆ ಸಾಲು ಮುಗಿಯಿತು. ಕೆರೆ ಕಟ್ಟಿಸಿ, ತೂಬು ನೋಡಿಕೊಳ್ಳಲು ನೀರುಗಂಟಿಯನ್ನು ನೇಮಿಸದೆ ಬಿಟ್ಟಂತೆ ಇದು. ಎಸ್‌ಟಿಡಿ ಬೂತಿನವನಿಗೆ ಇದ್ದ ಆ ತುರ್ತು ಇಲ್ಲಿ ಯಾರಿಗೂ ಇರಲಿಲ್ಲ: ನೆಟ್ ನಿಂತರೆ ಸಂಬಳ ಕಡಿತವಾಗುವವರು ಯಾರೂ ಇಲ್ಲ.

ಒಂದು ಸಣ್ಣ ಪರೀಕ್ಷೆಯನ್ನು ನೀವೇ ಮಾಡಬಹುದು. ಕಚೇರಿಯ ಗೋಡೆಯಲ್ಲಿರುವ ಪೆಟ್ಟಿಗೆಯೊಳಗೆ ತೆಳುವಾದ ಹಳದಿ ಅಥವಾ ಬಿಳಿ ಎಳೆ ಬಂದು ಸೇರುವ ಒಂದು ಉಪಕರಣವಿದೆ. ಅದನ್ನು ಒಎನ್‌ಟಿ ಎನ್ನುತ್ತಾರೆ. ಅದರ ಮೇಲೆ ಪುಟ್ಟ ದೀಪಗಳ ಸಾಲಿರುತ್ತದೆ. ನೆಟ್ ಇಲ್ಲದ ದಿನ ಆ ದೀಪಗಳನ್ನು ನೋಡಿ. ಯಾವ ದೀಪವೂ ಉರಿಯದಿದ್ದರೆ ದೋಷ ಕರೆಂಟಿನದು ಅಥವಾ ಬ್ಯಾಟರಿಯದು, ಅಂದರೆ ನಿಮ್ಮ ಕಚೇರಿಯೊಳಗಿನದೇ. ‘ಲಾಸ್’ (LOS) ಎಂದು ಬರೆದಿರುವ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ, ಕೇಬಲ್ ಎಲ್ಲೋ ತುಂಡಾಗಿದೆ ಅಥವಾ ಜೋಡಣೆ ಬಿಟ್ಟಿದೆ. ‘ಪಾನ್’ (PON) ದೀಪ ಹಸಿರಾಗಿ ನಿಂತಿದ್ದೂ ನೆಟ್ ಬಾರದಿದ್ದರೆ ಕೇಬಲ್ ಸರಿಯಿದೆ. ತಡೆ ಇರುವುದು ಮೇಲಿನ ಉಪಕರಣದಲ್ಲಿ, ಖಾತೆಯಲ್ಲಿ ಅಥವಾ ಕಚೇರಿಯೊಳಗಿನ ವೈಫೈ ಪೆಟ್ಟಿಗೆಯಲ್ಲಿ. ದೂರು ಕೊಡುವಾಗ ‘ನೆಟ್ ಇಲ್ಲ’ ಎನ್ನುವುದಕ್ಕೂ ‘ನಿನ್ನೆ ಮಧ್ಯಾಹ್ನದಿಂದ ಲಾಸ್ ದೀಪ ಕೆಂಪು’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದನ್ನು ಕೇಳಿದ ತಂತ್ರಜ್ಞ ‘ನಿಮ್ಮ ಕಂಪ್ಯೂಟರ್ ನೋಡಿಕೊಳ್ಳಿ’ ಎಂದು ಸಾಗಹಾಕಲಾರ.

2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಹಳೆಯ ತಪ್ಪುಗಳ ಒಪ್ಪಿಗೆ ಎದ್ದು ಕಾಣುತ್ತದೆ. ಒಂಟಿ ಎಳೆಯ ಬದಲು ಉಂಗುರದಾಕಾರದ ಜಾಲ, ಅಂದರೆ ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸೇವೆ ಬರುತ್ತದೆ. ಪಂಚಾಯಿತಿಯಲ್ಲಿ ವಿದ್ಯುತ್ ಬ್ಯಾಕಪ್. ಮತ್ತು ಕಟ್ಟಿದವರೇ ಹತ್ತು ವರ್ಷ ನಿರ್ವಹಿಸಬೇಕೆಂಬ ಷರತ್ತು. ನನ್ನ ಮಟ್ಟಿಗೆ ಈ ಕೊನೆಯ ಷರತ್ತು ಮೇಲಿನ ದೊಡ್ಡ ಮೊತ್ತಕ್ಕಿಂತ ಮುಖ್ಯವಾದದ್ದು.

ಮೊಬೈಲ್ ಟವರಿನ ವಿಷಯ ಇನ್ನಷ್ಟು ತೊಡಕಿನದು. ಕರೆಂಟು ಹೋದ ಮೇಲೆ ಟವರು ನಡೆಯುವುದು ಬ್ಯಾಟರಿಯಿಂದ, ಅದು ಮುಗಿದರೆ ಜನರೇಟರಿನಿಂದ. ಬ್ಯಾಟರಿ ಹಳತಾಗಿ, ಡೀಸೆಲ್ ತುಂಬುವವರು ಬಾರದಿದ್ದರೆ ನೀವು ಹೇಳಿದಂತೆಯೇ ಆಗುತ್ತದೆ. 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇರುವ ತಾಲ್ಲೂಕಿನಲ್ಲಿ ಕರೆಂಟಿಲ್ಲದೆ ಫೋನು ಸಾಯುತ್ತದೆಂಬುದು ನಗೆಪಾಟಲಿನ ಸಂಗತಿಯೇ. ಆದರೆ ಆ ಪಾರ್ಕ್ ಇರುವ ತಿರುಮಣಿಯ ವಿದ್ಯುತ್ ಹೋಗುವುದು ದೊಡ್ಡ ಪ್ರಸರಣ ಜಾಲಕ್ಕೆ, ಹಳ್ಳಿಯ ಟವರು ಜೋತುಬಿದ್ದಿರುವುದು ಹಳ್ಳಿಯ ಫೀಡರಿಗೆ. ಗಡಿಯ ತೊಂದರೆಯೂ ಇದಕ್ಕೆ ಸೇರುತ್ತದೆ. ಪರವಾನಗಿಗಳು ಸರ್ಕಲ್‌ವಾರು, ಅಂದರೆ ಹೆಚ್ಚುಕಡಿಮೆ ರಾಜ್ಯವಾರು, ಇರುವುದರಿಂದ ಕರ್ನಾಟಕದಲ್ಲಿ ಮತ್ತು ಆಂಧ್ರದಲ್ಲಿ ಒಂದೇ ಕಂಪನಿಯ ಬಳಿ ಇರುವ ತರಂಗಾಂತರಗಳು ಒಂದೇ ತೆರನಾಗಿರುವುದಿಲ್ಲ. ಬಂಡೆಗುಡ್ಡಗಳ ನೆರಳು ಬೇರೆ. ನಿಮ್ಮ ಫೋನು ಆಚೆ ಕಡೆಯ ಟವರಿಗೆ ಅಂಟಿಕೊಂಡು ತೆಲುಗಿನಲ್ಲಿ ಸಂದೇಶ ಕೇಳಿಸುವುದು ನಿಮಗೆ ಅಭ್ಯಾಸವಾಗಿರಬೇಕು. ರೋಮಿಂಗ್ ಶುಲ್ಕದ ಚಿಂತೆ ಈಗಿಲ್ಲ, ನಿಜ. ಆದರೆ ಆ ಹೊತ್ತಿನಲ್ಲಿ 112ಕ್ಕೆ ಕರೆ ಮಾಡಿದರೆ ಅದು ಆ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗುವ ಸಂಭವವಿದೆ. ಆಶಾ ಕಾರ್ಯಕರ್ತೆಯರಿಗೆ ಇದನ್ನು ತಿಳಿಸಿಡಿ, ಹತ್ತಿರದ ಆಸ್ಪತ್ರೆಯ ಮತ್ತು ಠಾಣೆಯ ನೇರ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆಸಿಡಿ.

ದೂರಸಂಪರ್ಕದ ಗುಣಮಟ್ಟದ ನಿಯಮಗಳು ಹಳ್ಳಿಯ ಕಣ್ಣಿನಿಂದ ಬರೆದವಲ್ಲ. ಬಹಳ ವರ್ಷ ಗುಣಮಟ್ಟವನ್ನು ಇಡೀ ಸರ್ಕಲಿನ ಸರಾಸರಿಯಾಗಿ ಅಳೆಯಲಾಗುತ್ತಿತ್ತು. ಬೆಂಗಳೂರಿನ ಒಳ್ಳೆಯ ಸಿಗ್ನಲ್ ಪಾವಗಡದ ಕೆಟ್ಟದ್ದನ್ನು ಮುಚ್ಚಿಹಾಕುತ್ತಿತ್ತು. 2024ರ ಅಕ್ಟೋಬರ್‌ನಿಂದ ಜಾರಿಯಾದ ಟ್ರಾಯ್‌ನ ಹೊಸ ನಿಯಮಗಳು ಪರವಾಗಿಲ್ಲ. ಎಲ್ಲೆಲ್ಲಿ 2ಜಿ, 4ಜಿ, 5ಜಿ ಸಿಗುತ್ತದೆಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಜಿಲ್ಲಾ ಮಟ್ಟದಲ್ಲಿ ಸೇವೆ 24 ಗಂಟೆಗೂ ಹೆಚ್ಚು ನಿಂತರೆ ಗ್ರಾಹಕರಿಗೆ ಬಾಡಿಗೆಯಲ್ಲಿ ವಿನಾಯಿತಿ ಅಥವಾ ಪ್ರೀಪೇಯ್ಡ್ ಅವಧಿಯ ವಿಸ್ತರಣೆ ಕೊಡಬೇಕು. ಆದರೆ ಪದವನ್ನು ಗಮನಿಸಿ: ಜಿಲ್ಲಾ ಮಟ್ಟದಲ್ಲಿ. ನಿಮ್ಮ ಊರಿನ ಒಂದು ಟವರು ಮೂರು ದಿನ ಸತ್ತರೂ ಈ ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಗ್ರಾಮೀಣ ಭಾಗದಲ್ಲಿ ನೂರು ಜನರಿಗೆ ಸುಮಾರು 59 ಸಂಪರ್ಕಗಳು, ನಗರಗಳಲ್ಲಿ 130ಕ್ಕೂ ಹೆಚ್ಚು ಎಂಬ ಅಂಕಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅಸಮಾನತೆಯ ಅರ್ಧ ಭಾಗವನ್ನಷ್ಟೇ ಅದು ತೋರಿಸುತ್ತದೆ, ಏಕೆಂದರೆ ಆ 59ರಲ್ಲಿ ಸಿಗ್ನಲಿಗಾಗಿ ಮಾಳಿಗೆ ಹತ್ತುವವರೂ ಸೇರಿದ್ದಾರೆ.

ಸಂಪರ್ಕ ಕೆಟ್ಟಾಗ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನ್ಯಾಯಬೆಲೆ ಅಂಗಡಿಯವನು ಯಂತ್ರವನ್ನು ಕೈಯಲ್ಲಿ ಹಿಡಿದು ಜಗಲಿಗೆ ಬಂದು, ಅಲ್ಲಿಂದ ಅರಳಿಕಟ್ಟೆಗೆ ಹೋಗಿ ಸಿಗ್ನಲ್ ಹುಡುಕುವಾಗ ಸಾಲಿನಲ್ಲಿ ನಿಂತವರ ಆ ದಿನದ ಕೂಲಿ ಹೋಗುತ್ತದೆ. ಉದ್ಯೋಗ ಖಾತರಿ ಕೆಲಸದ ಹಾಜರಿಯನ್ನು ಮೊಬೈಲ್ ಆಪಿನಲ್ಲಿ ಫೋಟೊ ಸಮೇತ ದಿನಕ್ಕೆ ಎರಡು ಬಾರಿ ಹಾಕುವುದನ್ನು 2023ರ ಜನವರಿ 1ರಿಂದ ಕಡ್ಡಾಯ ಮಾಡಲಾಯಿತು. ಕೆರೆಯಂಗಳದಲ್ಲಿ ಟವರ್ ಸಿಗದಿದ್ದರೆ ತೊಂದರೆ ಮಣ್ಣು ಹೊತ್ತವರಿಗೆ. ಹೆಂಗಸರ ಮಾತು ಬೇರೆಯೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಶೇ 54. ಒಮ್ಮೆಯಾದರೂ ಅಂತರ್ಜಾಲ ಬಳಸಿದವರು ಶೇ 33. ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಡತಿಯ ಖಾತೆಗೆ ಬೀಳುತ್ತದೆ, ಅದರ ಸಂದೇಶ ಗಂಡನ ಫೋನಿಗೆ ಬರುತ್ತದೆ. ಒಟಿಪಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನಿಗೆ ಹೋಗಿ, ಅವನು ಪಾಳಿ ಮುಗಿಸಿ ಫೋನು ತೆಗೆಯುವವರೆಗೆ ತಾಯಿ ಗ್ರಾಮ ಒನ್ ಕೇಂದ್ರದ ಮುಂದೆ ಕೂರುತ್ತಾಳೆ. ಇದನ್ನು ಯಾವ ಟವರೂ ಸರಿಮಾಡಲಾರದು. ದೂರಸಂಪರ್ಕ ನೀತಿಯೆಂದರೆ ತಂತಿ ಮತ್ತು ತರಂಗಗಳ ನೀತಿಯೆಂದು ತಿಳಿದವರು ಮರೆಯುವ ಭಾಗ ಇದು.

ಕಂಪನಿಗಳ ವ್ಯವಹಾರವೇ ಎಂದು ಕೇಳಿದ್ದೀರಿ. ಹೌದು, ವ್ಯವಹಾರವೇ, ಅದರಲ್ಲಿ ತಪ್ಪೇನಿಲ್ಲ. ಸ್ಪರ್ಧೆ ಇದ್ದಾಗ ದರ ಇಳಿದದ್ದನ್ನು 2016ರ ನಂತರ ನಾವೆಲ್ಲ ಕಂಡೆವು. ಸ್ಪರ್ಧಿಗಳು ಕಡಿಮೆಯಾದ ಮೇಲೆ, 2024ರ ಜುಲೈನಲ್ಲಿ, ದರ ಏರಿದ್ದನ್ನೂ ಕಂಡೆವು. ಲಾಭ ಬರುವ ಕಡೆ ಕಂಪನಿ ತಾನಾಗಿ ಹೋಗುತ್ತದೆ. ಬಾರದ ಕಡೆಗೆ ಹೋಗಲು ಹಣ ಕೊಡುವುದಕ್ಕೇ ಡಿಜಿಟಲ್ ಭಾರತ್ ನಿಧಿ ಇದೆ. ಆ ನಿಧಿಯಿಂದ ಕಟ್ಟಿದ 4ಜಿ ಟವರುಗಳಲ್ಲಿ ಬೇರೆ ಕಂಪನಿಯ ಸಿಮ್ಮಿಗೂ ಸಿಗ್ನಲ್ ಸಿಗುವ ವ್ಯವಸ್ಥೆಯನ್ನು 2025ರ ಜನವರಿಯಲ್ಲಿ ಆರಂಭಿಸಲಾಯಿತು. ಸಾರ್ವಜನಿಕ ಹಣದ ಟವರು ಎಲ್ಲರ ಸಿಮ್ಮಿಗೂ ದುಡಿಯಬೇಕೆಂಬ ಈ ತತ್ವ ಇಪ್ಪತ್ತು ವರ್ಷ ಮೊದಲೇ ಬರಬೇಕಿತ್ತು.

ಪಂಚಾಯಿತಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಮೊದಲು ಒಂದು ನೋಟ್‌ಬುಕ್ ಇಡಿ. ನೆಟ್ ನಿಂತ ದಿನ ಮತ್ತು ಗಂಟೆ, ಮರಳಿದ ಗಂಟೆ, ಆಗ ದೀಪಗಳು ಹೇಗಿದ್ದವು, ಯಾರಿಗೆ ದೂರು ಕೊಟ್ಟಿರಿ, ದೂರಿನ ಸಂಖ್ಯೆ ಎಷ್ಟು. ಇಷ್ಟನ್ನು ಕಂಪ್ಯೂಟರ್ ಆಪರೇಟರ್ ಬರೆದರೆ ಸಾಕು. ಮೂರು ತಿಂಗಳ ಈ ಪುಟಗಳನ್ನು ತಾಲ್ಲೂಕಿನ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯ ಮುಂದೆ ಇಡಿಸಿ. ‘ನೆಟ್ ಸರಿಯಿಲ್ಲ’ ಎಂಬ ಮಾತನ್ನು ಅಧಿಕಾರಿಗಳು ಕೇಳಿ ಕೇಳಿ ಕಿವುಡಾಗಿದ್ದಾರೆ, ಬರೆದ ಗಂಟೆಗಳ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ. ಮೊಬೈಲಿನ ವಿಷಯದಲ್ಲಿ ಟ್ರಾಯ್‌ಗೆ ನೇರವಾಗಿ ಬರೆಯುವುದರಿಂದ ಪ್ರಯೋಜನವಿಲ್ಲ, ಅದು ವೈಯಕ್ತಿಕ ದೂರುಗಳನ್ನು ವಿಚಾರಿಸುವುದಿಲ್ಲ. ಕಂಪನಿಯ ದೂರು ಕೇಂದ್ರದಲ್ಲಿ ಡಾಕೆಟ್ ಸಂಖ್ಯೆ, ಅಂದರೆ ದೂರಿನ ಸಂಖ್ಯೆ, ಪಡೆದು, ಪರಿಹಾರವಾಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಅಲ್ಲಿಯೂ ಆಗದಿದ್ದರೆ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲಿನಲ್ಲಿ ದೂರಸಂಪರ್ಕ ಇಲಾಖೆಗೆ ಬರೆಯಿರಿ. ಕಂಪನಿ ಪ್ರಕಟಿಸಿದ ನಕ್ಷೆಯಲ್ಲಿ ನಿಮ್ಮ ಊರು 4ಜಿ ಬಣ್ಣದಲ್ಲಿದ್ದು, ಊರಿನಲ್ಲಿ 4ಜಿ ಇಲ್ಲದಿದ್ದರೆ ನಕ್ಷೆಯ ಮುದ್ರಿತ ಪ್ರತಿಯನ್ನೇ ದೂರಿನ ಜೊತೆ ಲಗತ್ತಿಸಿ. ಇದಕ್ಕಿಂತ ಗಟ್ಟಿ ದಾಖಲೆ ಬೇರೆ ಸಿಗುವುದಿಲ್ಲ.

ಪಂಚಾಯಿತಿಯೇ ಮಾಡಿಸುವ ಅಗೆತದ ಬಗ್ಗೆ ಒಂದು ಮಾತು ಹೇಳಲೇಬೇಕು, ಕೇಳಲು ಹಿತವಾಗದಿದ್ದರೂ. ನೆಲ ಅಗೆಯುವ ಮೊದಲು ಅಲ್ಲಿ ಕೇಬಲ್ ಇದೆಯೇ ಎಂದು ತಿಳಿಸಿ ಕೇಳಲು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆಪ್ ಬಂದಿದೆ. ಚರಂಡಿ, ಕೊಳವೆ ಕಾಮಗಾರಿಯ ಗುತ್ತಿಗೆದಾರ ಅದರಲ್ಲಿ ಸೂಚನೆ ಕೊಟ್ಟ ದಾಖಲೆಯಿಲ್ಲದೆ ಬಿಲ್ಲು ಪಾಸಾಗದಂತೆ ನಿಮ್ಮ ಸಭೆಯಲ್ಲಿ ಠರಾವು ಮಾಡಿ. ಟವರಿಗೆ ಜಾಗ ಕೇಳಿ ಬಂದಾಗ ವಿಕಿರಣದ ಭಯದಿಂದ ಊರವರು ಅಡ್ಡಿಪಡಿಸುವುದುಂಟು. ಭಾರತದಲ್ಲಿ 2012ರ ಸೆಪ್ಟೆಂಬರ್‌ನಿಂದ ಟವರುಗಳ ವಿಕಿರಣದ ಮಿತಿ ಅಂತರರಾಷ್ಟ್ರೀಯ ಮಾನದಂಡದ ಹತ್ತನೆಯ ಒಂದು ಭಾಗಕ್ಕೆ ನಿಗದಿಯಾಗಿದೆ ಎಂಬುದನ್ನು ಅವರಿಗೆ ತಿಳಿಸಿ ಹೇಳಿ.

ಪಡಿತರದ ವಿಷಯ ಮಾತ್ರ ನೆಟ್ ಸರಿಯಾಗುವವರೆಗೆ ಕಾಯುವಂಥದ್ದಲ್ಲ. ಸಂಪರ್ಕ ದೋಷದಿಂದಲೋ ಬೆರಳಚ್ಚು ಹೊಂದದ್ದರಿಂದಲೋ ಅರ್ಹರಿಗೆ ಪಡಿತರ ನಿರಾಕರಿಸಬಾರದು, ಬೇರೆ ಗುರುತಿನ ಆಧಾರದ ಮೇಲೆ ಕೊಟ್ಟು ಪುಸ್ತಕದಲ್ಲಿ ದಾಖಲಿಸಬೇಕು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ಆ ಪುಸ್ತಕ ನಿಮ್ಮ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಇದೆಯೇ, ಅದರಲ್ಲಿ ಒಂದಾದರೂ ನಮೂದು ಇದೆಯೇ ಎಂದು ಜಾಗೃತಿ ಸಮಿತಿಯ ಸಭೆಯಲ್ಲಿ ಕೇಳಿ. ಇಲ್ಲವೆಂದರೆ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಿ. ಅದರ ಜೊತೆಗೇ ಮಾಹಿತಿ ಹಕ್ಕಿನಡಿ ಇನ್ನೊಂದು ಅರ್ಜಿ ಹಾಕಿ: ಪರಿಷ್ಕೃತ ಭಾರತ್‌ನೆಟ್‌ನಲ್ಲಿ ನಿಮ್ಮ ಪಂಚಾಯಿತಿ ಯಾವ ಉಂಗುರಕ್ಕೆ ಸೇರುತ್ತದೆ, ಯಾವಾಗ ಸೇರುತ್ತದೆ, ನಿರ್ವಹಣೆಯ ಒಪ್ಪಂದದಲ್ಲಿ ಕೇಬಲ್ ತುಂಡಾದರೆ ಎಷ್ಟು ಗಂಟೆಯೊಳಗೆ ಸರಿಮಾಡಬೇಕೆಂದಿದೆ, ತಡವಾದರೆ ದಂಡ ಎಷ್ಟು. ಉತ್ತರದ ಪ್ರತಿಯನ್ನು ಆ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಡಿ.